ಅಪ್‌ಡೇಟ್: ‘colour’ ಕೆಳಗಿನ ಕೆಂಪು ಗೆರೆ ಕೊನೆಗೂ ಹೋಯ್ತು

ಫೈರ್‌ಫಾಕ್ಸ್‌ನಲ್ಲಿ ಬ್ರಿಟಿಷ್ ಕಾಗುಣಿತಕ್ಕೆಲ್ಲ (color ಬದಲು colour ಅಂತ ಬರೆದರೆ) ತಪ್ಪು ಅಂತ ಕೆಂಪು ಗೆರೆ ಬೀಳುತ್ತೆ, ಅಮೆರಿಕನ್ ನಿಘಂಟು ಬದಲಿಸೋದು ಹೇಗೆ ಅಂತ ಕೇಳಿದ್ದೆ. ಸರಿಹೋಯ್ತು, ಎಲ್ಲರಿಗೂ ಥ್ಯಾಂಕ್ಸ್!

ಬ್ರೌಸರ್ ತೆಗೆದು ಮತ್ತೆ ಹಾಕಿದ್ದರಿಂದ ಏನೂ ಆಗಲಿಲ್ಲ. ಹಳೆ ಪ್ರೊಫೈಲ್ (ನಮ್ಮ ಬ್ರೌಸರ್ ಮಾಹಿತಿ ಉಳಿಸಿಡೋ ಫೋಲ್ಡರ್) ಜೊತೆಗೆ ಸೆಟ್ಟಿಂಗೂ ಹಾಗೇ ಉಳಿಯುತ್ತೆ. ಫಲ ಕೊಟ್ಟಿದ್ದು ರೈಟ್ ಕ್ಲಿಕ್ ಸಲಹೆ. ಟೈಪ್ ಮಾಡೋ ಜಾಗದಲ್ಲೇ ರೈಟ್ ಕ್ಲಿಕ್ ಮಾಡಿ, ‘ಲ್ಯಾಂಗ್ವೇಜಸ್’ ಒಳಗಿಂದ ಬ್ರಿಟಿಷ್ ನಿಘಂಟು ಸೇರಿಸಿಕೊಂಡೆ. ಸೇರಿಸಿದರೆ ಸಾಲದು, ಅದೇ ಮೆನುವಿನಲ್ಲಿ ಟಿಕ್ ಕೂಡ ಹಾಕಬೇಕು.

ಗೊತ್ತಿರದಿದ್ದ ಸಂಗತಿ: ಈ ಆಯ್ಕೆಯನ್ನು ಫೈರ್‌ಫಾಕ್ಸ್ ಸೈಟಿಗೊಂದರಂತೆ ನೆನಪಿಡುತ್ತೆ. ಪುಟದ ಕೋಡ್‌ನಲ್ಲಿ ಯಾವ ಭಾಷೆ ಅಂತ ಬರೆದಿದೆ ಅನ್ನೋದನ್ನೂ ನೋಡುತ್ತೆ. ಹಾಗಾಗಿ ಇನ್ನೊಂದು ಸೈಟಲ್ಲಿ ಗೆರೆ ಮತ್ತೆ ಕಂಡರೆ ಗಾಬರಿ ಬೇಡ, ಅಲ್ಲೂ ಒಮ್ಮೆ ಆರಿಸಿ. 2022ರ 100ನೇ ಆವೃತ್ತಿಯಿಂದ ಎರಡು ನಿಘಂಟಿಗೆ ಒಟ್ಟಿಗೇ ಟಿಕ್ ಹಾಕಬಹುದು.