ಕುದುರೆಮುಖದಲ್ಲಿ ಮೂರು ದಿನ: ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ಪ್ರಶ್ನೆ, ಬೆಂಗಳೂರಿನಿಂದ

ದಸರಾ ರಜೆಯಲ್ಲಿ ಮೂರು ದಿನ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕೆಂದಿದ್ದೇವೆ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಅಪ್ಪ, ಅಮ್ಮ. ಅಪ್ಪನಿಗೆ ಎಪ್ಪತ್ತು, ದಿನಾ ಬೆಳಗ್ಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತಾರೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲೆಂದರೆ ಕಷ್ಟ. ಬರೆದುಕೊಂಡಿರುವ ಜಾಗಗಳು ಇವು: ಕುದುರೆಮುಖ ಶಿಖರ, ನೇತ್ರಾವತಿ ಶಿಖರ, ಕುರಿಂಜಾಲು, ಹನುಮನಗುಂಡಿ ಜಲಪಾತ, ಲಕ್ಯಾ ಅಣೆಕಟ್ಟು, ಗಂಗಾಮೂಲ, ನರಸಿಂಹ ಪರ್ವತ, ಹೊರನಾಡು. ಎಲ್ಲವೂ ಆಗುವುದಿಲ್ಲವೆಂದು ಗೊತ್ತು. ಯಾವುದನ್ನು ಬಿಡಲಿ, ಎಲ್ಲಿ ಉಳಿಯಲಿ? ಹೋಗಿ ಬಂದವರು, ಆ ಕಡೆಯವರು ನಿಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ಕಳಸದ ಹತ್ತಿರದಿಂದ

ನಾನು ಇಲ್ಲೇ ಹುಟ್ಟಿ ಬೆಳೆದವನು, ಅಡಿಕೆ, ಕಾಫಿ ತೋಟ ನೋಡಿಕೊಂಡಿದ್ದೇನೆ. ರಜೆ ಬಂತೆಂದರೆ ನಮ್ಮ ಮನೆಗೆ ಬರುವ ನೆಂಟರ ಕೈಯಲ್ಲೂ ಹೆಚ್ಚು ಕಡಿಮೆ ಇದೇ ಪಟ್ಟಿ ಇರುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನರಸಿಂಹ ಪರ್ವತ ಬಿಡಿ ಸರ್. ಒಳ್ಳೆಯ ಜಾಗವೇ, ಆದರೆ ಅದು ಶೃಂಗೇರಿ, ಆಗುಂಬೆ ಕಡೆಯದು. ಉದ್ಯಾನ ಸುಮಾರು 600 ಚದರ ಕಿಲೋಮೀಟರ್ ಇದೆ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಲ್ಲಿ ಹರಡಿದೆ. ನಕ್ಷೆಯಲ್ಲಿ ಒಂದು ಬೆರಳಿನ ಅಂತರದಲ್ಲಿ ಕಂಡದ್ದಕ್ಕೆ ಘಾಟಿ ಸುತ್ತಿ ಹೋಗಿ ಬರುವುದರಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಗಂಗಾಮೂಲವನ್ನೂ ಬಿಡಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಜಾಗವೆಂದು ಎಲ್ಲರಿಗೂ ಆಸೆ ಇರುತ್ತದೆ. ಆದರೆ ಕಾರು ನಿಲ್ಲಿಸಿ ನಡೆದುಕೊಂಡು ಹೋಗಿ ನೋಡಿ ಬರುವ ಜಾಗ ಅದಲ್ಲ, ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ರಸ್ತೆ ಬಿಟ್ಟು ಕಾಲಿಡಬಾರದು. ಭದ್ರೆಯನ್ನು ಅಮ್ಮನಿಗೆ ಕಳಸದ ಹತ್ತಿರ ಅಂಬುತೀರ್ಥದಲ್ಲಿ ತೋರಿಸಿ. ಬಂಡೆಗಳ ನಡುವೆ ನದಿ ಸಪೂರವಾಗಿ ನುಗ್ಗುತ್ತದೆ. ಅಲ್ಲಿರುವ ದೊಡ್ಡ ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ಎತ್ತಿ ತಂದಿಟ್ಟರೆಂದು ನಮ್ಮ ಕಡೆ ಹೇಳುತ್ತಾರೆ. ಮಳೆಗಾಲ ಆಗಷ್ಟೇ ಮುಗಿದಿರುತ್ತದೆ, ಬಂಡೆ ಜಾರುತ್ತದೆ, ಮಗಳನ್ನು ನೀರಿಗೆ ಇಳಿಸಬೇಡಿ.

ಉಳಿಯುವುದು ಕಳಸ ಅಥವಾ ಸಂಸೆಯಲ್ಲಿ. ಇದನ್ನು ನಮ್ಮೂರೆಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ನಿಮ್ಮ ಹಾಗೆ ಐದು ಜನ ಬಂದಾಗ ಎಲ್ಲರೂ ಗುಡ್ಡ ಹತ್ತುವವರ ದಿನವನ್ನು ಮಾತ್ರ ಗೊತ್ತು ಮಾಡಿಕೊಂಡಿರುತ್ತಾರೆ. ಕೆಳಗೆ ಉಳಿಯುವವರು ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಏನು ಮಾಡಬೇಕು? ಹೋದ ವರ್ಷ ನಮ್ಮ ಅತ್ತೆಯೊಬ್ಬರು ಹೋಂಸ್ಟೇಯ ಕೋಣೆಯಲ್ಲಿ ಇಡೀ ದಿನ ಗೋಡೆ ನೋಡಿಕೊಂಡು ಕೂತಿದ್ದರು. ಮನೆಮಂದಿಯೆಲ್ಲ ಮೇಲೆ ಹೋಗಿದ್ದರು, ಫೋನಿಗೆ ನೆಟ್‌ವರ್ಕ್ ಇರಲಿಲ್ಲ, ಮಳೆ ಹಿಡಿದಿತ್ತು. ಸಂಜೆ ಅವರ ಮುಖ ನೋಡಿ ನನಗೇ ಕೆಟ್ಟೆನಿಸಿತು. ಹಾಗಾಗಿ ಅಮ್ಮನ ದಿನವನ್ನು ಮೊದಲು ಗೊತ್ತು ಮಾಡಿ, ಶಿಖರ ಆಮೇಲೆ. ಕಳಸದಲ್ಲಿದ್ದರೆ ಕಳಸೇಶ್ವರ, ಹೊರನಾಡು, ಅಂಬುತೀರ್ಥ ಎಲ್ಲ ಹತ್ತಿರ, ಆಟೋ ಸಿಗುತ್ತದೆ, ಆಸ್ಪತ್ರೆ, ಔಷಧಿ ಅಂಗಡಿ ಇದೆ. ಸಂಸೆಯಲ್ಲಿ ತೋಟದ ನಡುವಿನ ಮನೆ ಸಿಕ್ಕರೆ ಜಗುಲಿಯಲ್ಲಿ ಕೂತೇ ಗುಡ್ಡದ ಮೇಲೆ ಮೋಡ ಇಳಿಯುವುದು ಕಾಣುತ್ತದೆ. ಮನೆ ಗೊತ್ತು ಮಾಡುವಾಗ ಮಂಚ ಎಷ್ಟು, ಊಟ ಏನು ಎಂದು ಕೇಳುವುದರ ಜೊತೆಗೆ ರಸ್ತೆಯಿಂದ ಮನೆಯ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದೂ ಕೇಳಿ. ಮಲೆನಾಡಿನ ಮನೆ, ಇಳಿಜಾರಿನಲ್ಲಿರುತ್ತದೆ.

ಈಗ ಗುಡ್ಡ. ಕುದುರೆಮುಖ ಶಿಖರ 1,894 ಮೀಟರ್. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಜೀಪು, ಅಲ್ಲಿಂದ ನಡಿಗೆ, ಹೋಗಿ ಬರಲು ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಬೇಕು. 2024ರಿಂದ ದಿನಕ್ಕೆ 300 ಜನರ ಮಿತಿ ಹಾಕಿದ್ದಾರೆ, ರಜೆಯ ಶನಿವಾರ, ಭಾನುವಾರಗಳು ಬೇಗ ತುಂಬುತ್ತವೆ. ಜೊತೆಗೆ ಗೈಡ್ ಕಡ್ಡಾಯ, ಮೇಲೆ ಟೆಂಟ್ ಹಾಕುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ನಿಮ್ಮ ಅಪ್ಪ ದಿನಾ ನಡೆಯುತ್ತಾರೆ ಎಂದಿರಿ, ಸಂತೋಷ. ಆದರೆ ಪಾರ್ಕಿನ ಐದು ಕಿಲೋಮೀಟರ್ ಬೇರೆ, ಒದ್ದೆ ಹುಲ್ಲಿನ ಇಪ್ಪತ್ತು ಕಿಲೋಮೀಟರ್ ಬೇರೆ. ಹತ್ತುವಾಗ ಉಸಿರು ಸೋಲುತ್ತದೆ, ಕಾಲು ಸೋಲುವುದು ಇಳಿಯುವಾಗ.

ಕುರಿಂಜಾಲು ಇದಕ್ಕಿಂತ ಸೌಮ್ಯ. ಕುದುರೆಮುಖ ಊರಿನ ಕಡೆಯಿಂದ ಹತ್ತುವುದು, ಬಹುಪಾಲು ಹಳೆಯ ಜೀಪು ದಾರಿ, ಮಧ್ಯೆ ಶೋಲಾ ಕಾಡಿನ ನೆರಳು. ಮಗಳಿಗೂ ಅಪ್ಪನಿಗೂ ಒಟ್ಟಿಗೆ ಆಗುವ ಗುಡ್ಡವೆಂದರೆ ನನ್ನ ಲೆಕ್ಕದಲ್ಲಿ ಇದೇ. ಇದಕ್ಕೂ ಮೊದಲೇ ಅನುಮತಿ ಬೇಕು.

ಲಕ್ಯಾ ಅಣೆಕಟ್ಟಿನ ಮೇಲೆ ಓಡಾಡಲು ಬಿಡುತ್ತಾರೆಂದು ಎಣಿಸಿಕೊಂಡು ಬರಬೇಡಿ. ಆದರೂ ಕುದುರೆಮುಖ ಊರನ್ನು ದಾರಿಯಲ್ಲಾದರೂ ನೋಡಿ ಎನ್ನುತ್ತೇನೆ. ನಮ್ಮ ಚಿಕ್ಕಪ್ಪ ಅಲ್ಲಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸಕ್ಕಿದ್ದರು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳನ್ನು ತಡೆಯಲು ಕಟ್ಟಿದ್ದೇ ನೂರು ಮೀಟರ್ ಎತ್ತರದ ಈ ಲಕ್ಯಾ ಅಣೆಕಟ್ಟು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಚಿಕ್ಕಪ್ಪನ ಮನೆಯವರು ಸಾಮಾನು ಕಟ್ಟಿಕೊಂಡು ಹೊರಟ ದಿನ ನಾನೂ ಲಾರಿಗೆ ಕೈಕೊಟ್ಟಿದ್ದೆ. ನದಿಗೆ ಒಳ್ಳೆಯದಾಯಿತು ಎಂದು ಅವತ್ತೂ ಅಂದುಕೊಂಡೆ, ಇವತ್ತೂ ಹಾಗೇ ಅಂದುಕೊಳ್ಳುತ್ತೇನೆ. ಆದರೂ ಬಾಗಿಲು ಮುಚ್ಚಿದ ಆ ಕ್ವಾರ್ಟರ್ಸ್ ಸಾಲು ಕಂಡಾಗ ಚಿಕ್ಕಮ್ಮನ ಅಂಗಳದ ಡೇರೆ ಹೂವು ನೆನಪಾಗುತ್ತದೆ. ಮಗಳಿಗೆ ಈ ಕತೆ ಹೇಳಿ. ಕಾಡಿನ ನಡುವೆ ಇಷ್ಟು ದೊಡ್ಡ ಊರು ಯಾಕೆ ಖಾಲಿಯಾಗಿದೆ ಎಂದು ಅವಳು ಖಂಡಿತ ಕೇಳುತ್ತಾಳೆ.

ಶಿವಮೊಗ್ಗದಿಂದ, ಮಗನ ಜೊತೆ ಹೋಗಿ ಬಂದವರು

ಮೇಲೆ ಹೇಳಿದ್ದು ಸರಿ. ನನ್ನ ಮಗನಿಗೆ ಹನ್ನೆರಡಾಗಿದ್ದಾಗ ಸೀದಾ ಕುದುರೆಮುಖ ಶಿಖರಕ್ಕೇ ಕರೆದುಕೊಂಡು ಹೋದೆವು. ಬೆಳಗ್ಗೆ ಬಿಸಿಲಿತ್ತು. ದಾರಿಯಲ್ಲಿ ಸಿಗುವ ಒಂಟಿಮರ ಎಂಬ ಜಾಗ ದಾಟುವವರೆಗೆ ಮುಂದೆ ಓಡುತ್ತಿದ್ದವನು ಆಮೇಲೆ ಸುಮ್ಮನಾದ. ಮಧ್ಯಾಹ್ನಕ್ಕೆ ಮೋಡ ಕವಿದು ಮಳೆ ಶುರುವಾಯಿತು. ದಾರಿಯಲ್ಲಿ ಸಣ್ಣ ಸಣ್ಣ ಹಳ್ಳಗಳನ್ನು ದಾಟಬೇಕು. ಗೈಡ್ ಹುಡುಗ ಒಂದು ಹಳ್ಳದ ಮುಂದೆ ನಿಂತು, "ಅಕ್ಕಾ, ಈಗ ದಾಟಬಹುದು, ವಾಪಸ್ ಬರುವಾಗ ಇದು ಹೀಗೇ ಇರಲ್ಲ" ಎಂದ. ನಾವು ತಿರುಗಿದೆವು. ಶಿಖರ ಕಾಣಲೇ ಇಲ್ಲ. ಮಗ ಅತ್ತ, ನನಗೂ ಅಳು ಬಂತು. ಆದರೆ ಕೆಳಗಿಳಿಯುವಾಗ ಮೊದಲು ದಾಟಿದ್ದ ಹಳ್ಳಗಳ ಬಣ್ಣವೇ ಬದಲಾಗಿತ್ತು. ಆ ಹುಡುಗನಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಮರುವರ್ಷ ಡಿಸೆಂಬರ್‌ನಲ್ಲಿ ನೇತ್ರಾವತಿ ಶಿಖರಕ್ಕೆ ಹೋದೆವು. ದೂರ ಕಡಿಮೆ, ಮಗ ನಗುತ್ತಲೇ ಹತ್ತಿದ. ಕೊನೆಯ ಏರು ಕಡಿದು, ಅದು ಬಿಟ್ಟರೆ ಕಷ್ಟವೇನಿಲ್ಲ. ತುದಿಯಲ್ಲಿ ನಿಂತರೆ ಬೆಳ್ತಂಗಡಿ ಕಡೆಯ ಕಣಿವೆ ಧುತ್ತೆಂದು ಕಾಲ ಕೆಳಗೆ ತೆರೆದುಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ನೆಚ್ಚಲಾಗುವುದಿಲ್ಲ. ಎಲ್ಲೇ ಹೋದರೂ ಬೆಳಗ್ಗೆ ಮೊದಲ ಹೊತ್ತಿಗೇ ಹೊರಡಿ.

ಉಂಬಳದ (ರಕ್ತ ಹೀರುವ ಕಾಡಿನ ಜಿಗಣೆ) ವಿಷಯ ಯಾರೂ ಬರೆದಿಲ್ಲ! ಆ ತಿಂಗಳಲ್ಲಿ ಕಡಿಮೆಯಾಗಿರುತ್ತವೆ, ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಒಂದು ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಳ್ಳಿ, ಒದ್ದೆ ಮಾಡಿ ಮುಟ್ಟಿಸಿದರೆ ತಾನೇ ಬಿದ್ದುಹೋಗುತ್ತದೆ. ಎಳೆದು ಕೀಳಬೇಡಿ, ಆಮೇಲೆ ವಾರಗಟ್ಟಲೆ ತುರಿಸುತ್ತದೆ. ಮಗಳಿಗೆ ಮೊದಲೇ ಹೇಳಿ ಧೈರ್ಯ ತುಂಬಿ. ಕಾಲಿನಲ್ಲಿ ರಕ್ತ ಕಂಡಾಗ ಮಕ್ಕಳು ಹೆದರುತ್ತಾರೆ.

ಕಾರ್ಕಳದಿಂದ

ನಾನು ಕೆಲಸದ ಮೇಲೆ ತಿಂಗಳಿಗೆ ಮೂರು ನಾಲ್ಕು ಸಲ ಮಾಳ ಘಾಟಿ ಹತ್ತಿ ಕಳಸಕ್ಕೆ ಹೋಗುವವನು. ಹನುಮನಗುಂಡಿ ಬಗ್ಗೆ ಮಾತ್ರ ಹೇಳುತ್ತೇನೆ. ನಾವು ಸೂತನಬ್ಬಿ ಎಂದೂ ಕರೆಯುತ್ತೇವೆ. ಜಲಪಾತ ಇರುವುದು ಕೆಳಗೆ, ರಸ್ತೆ ಮೇಲೆ. ನೂರಾರು ಮೆಟ್ಟಿಲು ಇಳಿಯಬೇಕು, ಅಷ್ಟನ್ನೂ ಹತ್ತಬೇಕು. ನಿಮ್ಮ ಅಮ್ಮನಿಗೆ ಖಂಡಿತ ಬೇಡ. ಇಳಿಯುವಾಗ "ಆಗುತ್ತದೆ, ಬರುತ್ತೇನೆ" ಎನ್ನುತ್ತಾರೆ, ನಮ್ಮ ಅಮ್ಮನೂ ಹಾಗೆಯೇ ಹೇಳಿದ್ದರು, ಹತ್ತಿಸಿಕೊಂಡು ಬರಲು ಒಂದು ಗಂಟೆ ಹಿಡಿಯಿತು. ಅವರ ಜೊತೆ ಒಬ್ಬರು ಮೇಲೆಯೇ ಇರಲಿ.

ಕಡಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ, ಕಾರಿನಿಂದಲೇ ಕಾಣುತ್ತದೆ. ಅಮ್ಮನಿಗೆ ಇದು ಸಾಕು. ಆದರೆ ಈ ರಸ್ತೆಗೆ ಒಂದು ನಿಯಮ ಇದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಹೊತ್ತು ಬರೆದು ಚೀಟಿ ಕೊಡುತ್ತಾರೆ. ಹೇಳಿದ ಹೊತ್ತಿನೊಳಗೆ ಇನ್ನೊಂದು ತುದಿಯ ಚೆಕ್‌ಪೋಸ್ಟ್ ಮುಟ್ಟಬೇಕು, ಕಂಡಲ್ಲಿ ನಿಲ್ಲಿಸಿ ತಿಂಡಿ ಬಿಚ್ಚುವಂತಿಲ್ಲ, ತಡವಾದರೆ ದಂಡ. ನನಗೆ ಈ ನಿಯಮ ತುಂಬ ಸರಿ ಎನಿಸುತ್ತದೆ. ಮೊದಲು ತಿರುವು ತಿರುವಿಗೆ ಬಾಟಲಿ ಬಿದ್ದಿರುತ್ತಿತ್ತು. ಹನುಮನಗುಂಡಿಗೆ ಹೋಗುವುದಿದ್ದರೆ ಚೀಟಿ ಬರೆಸುವಾಗಲೇ ಹೇಳಿಬಿಡಿ.

ಎಸ್.ಕೆ. ಬಾರ್ಡರ್ ಎಂಬ ಹೆಸರು ಕೇಳಿ ಗಾಬರಿಯಾಗಬೇಡಿ, ಸೌತ್ ಕೆನರಾ ಜಿಲ್ಲೆಯ ಹಳೆಯ ಗಡಿ ಅದು. ಅಲ್ಲಿ ದಾರಿ ಒಡೆಯುತ್ತದೆ, ಒಂದು ಕುದುರೆಮುಖ, ಕಳಸಕ್ಕೆ, ಇನ್ನೊಂದು ಕೆರೆಕಟ್ಟೆ ಮೇಲೆ ಶೃಂಗೇರಿಗೆ.

ಪ್ರಾಣಿ ನೋಡಲೆಂದೇ ಬರುವುದಾದರೆ ನಿರಾಸೆಯಾದೀತು. ಇಲ್ಲಿ ಬಂಡೀಪುರದ ಹಾಗೆ ಸಫಾರಿ ಇಲ್ಲ. ಹುಲಿ, ಕಾಟಿ, ಕಡವೆ ಎಲ್ಲ ಇವೆ, ಕಣ್ಣಿಗೆ ಬೀಳುವುದು ಅದೃಷ್ಟ. ಸಿಂಗಳೀಕ ಕಂಡರೆ ಮಾತ್ರ ಮಗಳಿಗೆ ಚೆನ್ನಾಗಿ ತೋರಿಸಿ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಮರದ ತುದಿಯಲ್ಲೇ ಬದುಕು. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇವುಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾದದ್ದರಲ್ಲಿ ಆ ಮಂಗನ ಪಾಲು ದೊಡ್ಡದು. ರಸ್ತೆ ಬದಿಯ ಕೋಡಗಗಳಿಗೆ ಬಾಳೆಹಣ್ಣು ಎಸೆಯುವ ಅಭ್ಯಾಸ ಮಾತ್ರ ಯಾರಿಗೂ ಬೇಡ.

ಶೃಂಗೇರಿ ಕಡೆಯವರು

ನರಸಿಂಹ ಪರ್ವತ ಬಿಡಿ ಎಂದದ್ದಕ್ಕೆ ನನಗೂ ಒಪ್ಪಿಗೆ, ಈ ಸಲದ ಮಟ್ಟಿಗೆ. ಇನ್ನೊಮ್ಮೆ ಶೃಂಗೇರಿಯಲ್ಲೇ ಎರಡು ದಿನ ಉಳಿದು ಬನ್ನಿ. ಅಮ್ಮ ವಿದ್ಯಾಶಂಕರ ದೇವಸ್ಥಾನದ ಹತ್ತಿರ ತುಂಗೆಯ ಮೀನು ನೋಡುತ್ತ ಕೂರಬಹುದು, ನೀವು ಕಿಗ್ಗದಿಂದ ಪರ್ವತಕ್ಕೆ ಹೋಗಬಹುದು. ಕಿಗ್ಗದ ಋಷ್ಯಶೃಂಗೇಶ್ವರ ಮಳೆ ತರುವ ದೇವರು. ಬರ ಬಂದಾಗ ಎಲ್ಲೆಲ್ಲಿಂದಲೋ ಜನ ಬಂದು ಪೂಜೆ ಮಾಡಿಸುತ್ತಾರೆ. ಸಿರಿಮನೆ ಜಲಪಾತವೂ ಅಲ್ಲೇ. ಚಾರಣ ತೆರೆದಿದೆಯೇ ಎಂದು ಇಲಾಖೆಯಲ್ಲಿ ಕೇಳಿಕೊಂಡು ಬನ್ನಿ.

ಮತ್ತೆ ಬೆಂಗಳೂರಿನಿಂದ

ಎಲ್ಲರಿಗೂ ತುಂಬ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಗೋಡೆ ನೋಡಿಕೊಂಡು ಕೂತ ಅತ್ತೆಯ ವಿಷಯ ಕೇಳಿ, "ನನ್ನನ್ನೂ ಹಾಗೆ ಕೂರಿಸಬೇಕೆಂದಿದ್ದೆಯಾ?" ಎಂದರು. ಈಗ ಹೀಗೆ ಅಂದುಕೊಂಡಿದ್ದೇವೆ: ಮೂರು ರಾತ್ರಿಯೂ ಕಳಸದಲ್ಲೇ. ಒಂದು ದಿನ ಹೊರನಾಡು, ಅಂಬುತೀರ್ಥ. ಒಂದು ದಿನ ಕಾರಿನಲ್ಲಿ ಕುದುರೆಮುಖ ಊರು, ಕಡಂಬಿ, ಹನುಮನಗುಂಡಿಯವರೆಗೆ. ಒಂದು ದಿನ ನಾನು, ಅಪ್ಪ, ಮಗಳು ಕುರಿಂಜಾಲು. ಹೆಂಡತಿ ಅಮ್ಮನ ಜೊತೆ ಇರುತ್ತೇನೆ ಎನ್ನುತ್ತಾಳೆ. ದೊಡ್ಡ ಶಿಖರ ಬಿಟ್ಟದ್ದಕ್ಕೆ ಅಪ್ಪನಿಗೆ ಸ್ವಲ್ಪ ಬೇಸರ. ಯಾವ ದಿನ ಯಾವುದು ಇಟ್ಟುಕೊಳ್ಳಲಿ?

ಕಳಸದಿಂದ ಮತ್ತೆ

ಚೆನ್ನಾಗಿದೆ. ಮೊದಲ ದಿನ ಗುಡ್ಡ ಬೇಡ. ಕೊಟ್ಟಿಗೆಹಾರದಿಂದ ಈಚೆಗೆ ತಿರುವು ಜಾಸ್ತಿ, ಮಗಳಿಗೆ ಹೊಟ್ಟೆ ತೊಳಸಬಹುದು. ಆವತ್ತು ಅಂಬುತೀರ್ಥ, ಕಳಸೇಶ್ವರ ಇಷ್ಟೇ ಇರಲಿ. ನವರಾತ್ರಿಯಲ್ಲಿ ಹೊರನಾಡಿಗೆ ಬಹಳ ಜನ ಬರುತ್ತಾರೆ, ದೇವಸ್ಥಾನಕ್ಕೆ ಮೆಟ್ಟಿಲೂ ಇವೆ. ನೀವು ಮೂವರು ಕುರಿಂಜಾಲಿಗೆ ಹೊರಟ ದಿನ ಅತ್ತೆ, ಸೊಸೆ ಬೆಳಗ್ಗೆ ಬೇಗ ಹೋಗಿ ನಿಧಾನ ದರ್ಶನ ಮಾಡಿ, ಅನ್ನಪೂರ್ಣೇಶ್ವರಿಯ ಪ್ರಸಾದ ಉಂಡು ಬರಲಿ. ಆ ದಿನ ನಡುವಿನದಾಗಿರಲಿ, ಮಳೆ ಬಂದು ಚಾರಣ ನಿಲ್ಲಿಸಿದರೆ ಮೂರನೇ ದಿನದ ಕಾರಿನ ಸುತ್ತಾಟವನ್ನು ಅಂದೇ ಮಾಡಿಕೊಳ್ಳಬಹುದು. ನಗದು ಇಟ್ಟುಕೊಳ್ಳಿ, ಎಲ್ಲರ ಗುರುತಿನ ಚೀಟಿ ಮರೆಯಬೇಡಿ.

ಅಪ್ಪನಿಗೆ ಹೇಳಿ, ಕುರಿಂಜಾಲಿನ ತುದಿಯಿಂದ ಆಕಾಶ ತಿಳಿಯಾಗಿದ್ದರೆ ಸುತ್ತಲಿನ ಸಾಲು ಬೆಟ್ಟಗಳೆಲ್ಲ ಕಾಣುತ್ತವೆ. ಯಾವುದು ಕುದುರೆಯ ಮುಖವೆಂದು ಗೈಡ್ ತೋರಿಸುತ್ತಾನೆ. ಅಲ್ಲಿಂದ ಇಳಿದು ಬರುವಾಗ ಹೊತ್ತಿದ್ದರೆ ನಮ್ಮ ಮನೆಯ ಕಡೆ ಬನ್ನಿ, ಒಂದು ಲೋಟ ಕಾಫಿ ಕುಡಿದು ಹೋಗಬಹುದು.