ಅಪ್‌ಡೇಟ್: ತಮ್ಮನ ತೊಡೆ ನೋವು ಮತ್ತು ಕಡು ಬಣ್ಣದ ಮೂತ್ರ

ಮನೋರೋಗಕ್ಕೆ ಕೊಡುವ ಓಲಾಂಜಪಿನ್ ಮಾತ್ರೆಗಳನ್ನು ಮಿತಿಮೀರಿ ನುಂಗಿ ಆಸ್ಪತ್ರೆ ಸೇರಿದ್ದ ತಮ್ಮನಿಗೆ, ಎಚ್ಚರವಾದ ಮೇಲೆ ತೊಡೆ ನೋವೂ ಡಿಕಾಕ್ಷನ್ ಬಣ್ಣದ ಮೂತ್ರವೂ ಏಕೆಂದು ಕೇಳಿದ್ದೆ. ಸ್ನಾಯುಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಸಿಪಿಕೆ ಎಂಬ ಕಿಣ್ವದ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಿ ಎಂದವರ ಸಲಹೆಯೇ ಕೈಹಿಡಿಯಿತು. ಸಾಮಾನ್ಯವಾಗಿ ಲೀಟರಿಗೆ 1,000 ಯೂನಿಟ್ ದಾಟಿದರೆ ಸ್ನಾಯು ಹಾನಿಯೆಂದು ಪರಿಗಣಿಸುವ ಆ ಅಂಶ ಅವನಲ್ಲಿ ಬಹಳ ಮೇಲಿದ್ದುದರಿಂದ, ಮೂತ್ರಪಿಂಡಗಳನ್ನು ಕಾಪಾಡಲು ಕೂಡಲೇ ಸಲೈನ್ ಹೆಚ್ಚಿಸಿ, ಗಂಟೆಗೊಮ್ಮೆ ಮೂತ್ರದ ಚೀಲದ ಅಳತೆ ಬರೆದುಕೊಳ್ಳತೊಡಗಿದರು, ಡಯಾಲಿಸಿಸ್ ಬೇಕಾಗಲಿಲ್ಲ.

ಎಳನೀರು ಕುಡಿಸಿ ಎಂಬ ಸಲಹೆಯನ್ನು ಮಾತ್ರ ವೈದ್ಯರು ತಡೆದರು. ಹಾನಿಗೊಂಡ ಸ್ನಾಯುಗಳಿಂದ ಪೊಟ್ಯಾಸಿಯಂ ರಕ್ತಕ್ಕೆ ಸೇರುತ್ತಿರುವಾಗ, ಅದೇ ಹೇರಳವಾಗಿರುವ ಎಳನೀರು ಹೃದಯದ ಬಡಿತವನ್ನೇ ಕೆಡಿಸಬಹುದಂತೆ. ಅಚ್ಚರಿಯೆಂದರೆ, ಮೂತ್ರದ ಪರೀಕ್ಷಾಪಟ್ಟಿ ರಕ್ತವಿದೆಯೆಂದು ತೋರಿಸಿದರೂ ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳಿರಲಿಲ್ಲ. ಆ ಬಣ್ಣ ಸ್ನಾಯುವಿನಿಂದ ಸೋರಿದ ಪ್ರೋಟೀನ್ ಆದ ಮಯೋಗ್ಲೋಬಿನ್‌ನದು. ಈಗ ಅವನು ನಡೆದಾಡುತ್ತಿದ್ದಾನೆ, ಮನೋವೈದ್ಯರ ಚಿಕಿತ್ಸೆ ಮುಂದುವರಿದಿದೆ, ಮಾತ್ರೆಗಳು ಅಮ್ಮನ ಬೀರುವಿನಲ್ಲಿವೆ.