ಕಂದಕ, ಖಂದಕ್, ಕಂದಾ: ಮೂರೂ ಒಂದೇನಾ?

ಎಲ್ರಿಗೂ ನಮಸ್ಕಾರ. ಅಗಳು ಅನ್ನೋ ಅರ್ಥದ ಅರಬ್ಬಿಯ 'ಖಂದಕ್' ಪದ ಒಂದು ವಾರದಿಂದ ತಲೇಲಿ ಕೂತಿದೆ; ನಮ್ಮ 'ಕಂದಕ'ಕ್ಕೆ ಕಮರಿ ಅನ್ನೋ ಅರ್ಥ ಹೇಗೆ ಬಂತು ಅಂತ ಗೊತ್ತಿರೋರು ದಯವಿಟ್ಟು ಹೇಳಿ.

ಕ್ರಿ.ಶ. 627ರಲ್ಲಿ ಪ್ರವಾದಿ ಮುಹಮ್ಮದರ ಕಡೆಯೋರು ಮದೀನಾ ಕಾಪಾಡೋಕೆ ಅಗಳು ತೋಡಿದ್ರಲ್ಲ, ಆ ಯುದ್ಧಕ್ಕೆ ಖಂದಕ್ ಯುದ್ಧ ಅಂತಲೇ ಹೆಸರು, ಆ ಉಪಾಯ ಕೊಟ್ಟೋರು ಪರ್ಷಿಯಾದ ಸಲ್ಮಾನ್ ಫಾರ್ಸಿ ಅಂತ ಹೇಳ್ಕೊಂಡು ಬಂದಿದಾರೆ. ಹಾಗಂತ ಪದಾನೂ ಅವರ ಜೊತೆನೇ ಬಂತು ಅನ್ನೋದನ್ನ ನಾನಂತೂ ಒಪ್ಪಲ್ಲ. ಪರ್ಷಿಯಾದ ಸಸಾನಿ ದೊರೆಗಳ ಕೈಕೆಳಗೆ, ಈಗಿನ ಇರಾಕ್‌ನ ಹೀರಾದಲ್ಲಿ ಅರಬ್ಬರೇ ಆಳ್ತಿದ್ರು, ಪರ್ಷಿಯನ್ ಪದಗಳು ಇಸ್ಲಾಂಗಿಂತ ಮುಂಚೆಯಿಂದ್ಲೂ ಅರಬ್ಬಿಗೆ ಬರ್ತಾನೇ ಇದ್ವು.

ಖಂದಕ್ ಪದದ ಮೂಲ, ಸಸಾನಿಗಳ ಕಾಲದ ಮಧ್ಯ ಪರ್ಷಿಯನ್‌ನ 'ಕಂದಗ್', ಅಂದ್ರೆ ಅಗೆದದ್ದು. 'ಕಂದನ್' ಅಂದ್ರೆ ಅಗೆಯೋದು. ಇನ್ನೂ ಹಿಂದಕ್ಕೆ ಹೋದ್ರೆ, ನೈಲ್ ನದಿಯಿಂದ ಕೆಂಪು ಸಮುದ್ರದ ಕಡೆಗೆ ಕಾಲುವೆ ಅಗೆಸಿದ ಪರ್ಷಿಯಾದ ದೊರೆ ದರಿಯಸ್‌ನ ಸೂಯೆಜ್ ಶಾಸನದಲ್ಲೂ ಇದೇ 'ಕನ್' ಧಾತು ಇದೆ. ಸಂಸ್ಕೃತದ ಖನನ, ಖನಿ, ಪರಿಖಾ ಎಲ್ಲ ಇದರ ದಾಯಾದಿಗಳು. ಅರಬ್ಬಿಗೆ ಹೋದಾಗ ಮೊದಲಿನ ಕ ಖ ಆಗಿ, ಕೊನೆ ಗ ಗಂಟಲಾಳದ ಕ ಆಯ್ತು, ಆಮೇಲೆ ಪರ್ಷಿಯನ್ನರು ತಮ್ಮದೇ ಪದಾನ ಅರಬ್ಬಿ ವೇಷದಲ್ಲಿ ವಾಪಸ್ ತಗೊಂಡ್ರು! ಅರಬ್ಬರು 9ನೇ ಶತಮಾನದಲ್ಲಿ ಕ್ರೀಟ್ ದ್ವೀಪ ಹಿಡಿದು ಸುತ್ತ ಅಗಳು ತೋಡಿ ಕಟ್ಟಿದ ಊರಿಗೂ ಇದೇ ಹೆಸರು ಬಿತ್ತು, ಅದು ಗ್ರೀಕರ ಬಾಯಲ್ಲಿ ಖಂದಕ್ಸ್ ಆಗಿ, ವೆನಿಸ್‌ನೋರ ಬಾಯಲ್ಲಿ ಕಾಂದಿಯಾ ಆಯ್ತು. (ಸಕ್ಕರೆ ಕ್ಯಾಂಡಿಗೂ ಇದಕ್ಕೂ ಸಂಬಂಧ ಇಲ್ಲ, ಅದು 'ಖಂಡ'ದಿಂದ ಬಂದಿದ್ದು.)

ಅಫ್ಘಾನಿಸ್ತಾನದ ಕಡೆ ಆಡೋ ಪಶ್ತೂ ಭಾಷೇಲಿ ಎರಡು ರೂಪಾನೂ ಇವೆ. 'ಖಂದಕ್' ಅಂದ್ರೆ ತೋಡಿದ ಅಗಳು. ಅರಬ್ಬಿ ದಾರಿ ಹಿಡಿಯದ 'ಕಂದಾ' ಅಂದ್ರೆ ತೋಡಿದ ಹಳ್ಳಾನೂ ಹೌದು, ಮಳೆನೀರು ಕೊರೆದ ಕೊರಕಲು, ಕಮರಿನೂ ಹೌದು. ಅಂದ್ರೆ ಅಲ್ಲಿ ಮನುಷ್ಯರು ತೋಡಿದ್ದಕ್ಕೂ ತಾನಾಗೇ ಆಗಿದ್ದಕ್ಕೂ ಒಂದೇ ಪದ ನಡೆಯತ್ತೆ.

ನನ್ನ ಪ್ರಶ್ನೆ ಇಲ್ಲೇ. ನಮ್ಮ 'ಕಂದಕ' ಆ ಖಂದಕ್‌ನಿಂದ್ಲೇ ಬಂದಿದ್ದು, ಬೀದರ್ ಕೋಟೆ ಕಂದಕ, ಕಾಡಂಚಿನ ಆನೆ ಕಂದಕ ಎಲ್ಲಾ ತೋಡಿದ್ದೇ. ಆದ್ರೆ ಪೇಪರಲ್ಲಿ 'ಕಂದಕಕ್ಕೆ ಉರುಳಿದ ಬಸ್' ಅಂತ ಬರೀತಾರಲ್ಲ, ಆ ಘಾಟಿಯ ಕಮರೀನ ಯಾರೂ ತೋಡಿಲ್ಲ. ಬಡವರು ಶ್ರೀಮಂತರ ನಡುವಿನ ಕಂದಕ ಅನ್ನೋದಂತೂ ಇನ್ನೂ ದೂರ ಹೋಯ್ತು. ಪಶ್ತೂನ ಕಂದಾಗೆ ಇರೋ ಅರ್ಥ ನಮ್ಮಲ್ಲಿ ತಾನಾಗೇ ಬೆಳೀತು ಅಂತ ನನ್ನ ಅನಿಸಿಕೆ. ಅಗೆ ಅನ್ನೋದ್ರಿಂದ ಬಂದ 'ಅಗಳು' ನಮ್ದೇ ಪದ, ಅದಕ್ಕೆ ಈ ಕಮರಿ ಅರ್ಥ ಬಂದಿದ್ದು ನಾನಂತೂ ಕೇಳಿಲ್ಲ. ನಿಮ್ಮೂರ ಕಡೆ ಹಿರಿಯರು ಮಾತಾಡೋವಾಗ ಕಮರಿಗೆ ಕಂದಕ ಅಂತಾರಾ, ಇಲ್ಲ ಬೇರೆ ಏನಾದ್ರೂ ಅಂತಾರಾ?